ಅಪ್ಪನ ಸೀಟು

"ಹಾರೆ ಇನ್ನೂ ಒಳಗೆ ಹಾಕು! ಇನ್ನೂ! ಈಗ ಒತ್ತು!"

ಗುಬ್ಬಿ ಮೈಭಾರವನ್ನೆಲ್ಲ ಹಾರೆಯ ಮೇಲೆ ಬಿಟ್ಟಳು. ಒಗೆಯುವ ಕಲ್ಲು ಕೂದಲೆಳೆಯಷ್ಟು ಮೇಲೆದ್ದು, ಮನಸ್ಸು ಬದಲಾಯಿಸಿದ ಹಾಗೆ ಮತ್ತೆ ತನ್ನ ಜಾಗದಲ್ಲೇ ಕೂತಿತು. ಆಚೆ ಬದಿಯಲ್ಲಿ ಕಲ್ಲು ಹಿಡಿದು ಕೂಗುತ್ತಿದ್ದ ಅಣ್ಣ ಬೆರಳು ಬಾಯಿಗಿಟ್ಟುಕೊಂಡು ಅಂಗಳದ ತುಂಬ ಕುಣಿದ.

"ಬೆರಳು ಹೋಯ್ತು ಕಣೇ! ಕಾರು ಬರೋಕೆ ಮೊದಲೇ ಆಕ್ಸಿಡೆಂಟು!"

"ಮೊಬೈಲ್ ರಿಪೇರಿ ಮಾಡೋ ಕೈ ಅಲ್ವಾ. ಕಲ್ಲು ಅಂದ್ರೆ ಅದಕ್ಕೆ ಸಿಗ್ನಲ್ಲೇ ಸಿಗಲ್ಲ," ಎಂದಳು ಗುಬ್ಬಿ.

ಅಮ್ಮ ಒದ್ದೆ ಬಟ್ಟೆಯ ಬಕೆಟ್ಟನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನು ಬಟ್ಟೆ ಎಲ್ಲಿ ಒಗೀಲಿ? ನಿನ್ನ ಕಾರಿನ ನೆತ್ತಿ ಮೇಲಾ?"

"ವಾಷಿಂಗ್ ಮಷಿನ್ ಕೊಡಿಸ್ತೀನಮ್ಮ. ಕಾರಿನ ಕಂತು ಮುಗೀಲಿ."

"ಅಷ್ಟೊತ್ತಿಗೆ ನಂದೂ ಮುಗಿದಿರುತ್ತೆ."

ಅಪ್ಪ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಕೂತಿದ್ದ. "ಈಗಲೇ ಯಾಕೆ ಆತುರ? ಗಾಡಿ ಬರೋ ದಿನ ಕಿತ್ತರಾಯ್ತು," ಎಂದು ಆಗಲೇ ಎರಡು ಸಲ ಹೇಳಿದ್ದ. ಮೂರನೆಯ ಸಲ ಹೇಳಲು ಬಾಯಿ ತೆರೆದವನು, ಮಗಳು ಬೆವರು ಒರೆಸಿಕೊಂಡು ಮತ್ತೆ ಹಾರೆಗೆ ಕೈ ಹಾಕಿದ್ದನ್ನು ಕಂಡು ಸುಮ್ಮನಾದ. ಲೋಟ ಕೆಳಗಿಟ್ಟ. ಎದ್ದು ಬಂದು ಹಾರೆ ಕಿತ್ತುಕೊಂಡ. ಮೂವತ್ತು ವರ್ಷ ಕಾರಿಗೆ ಬಾಗಿಲು ಕೂರಿಸಿದ ತೋಳು ಅದು. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅದು ತಾನೇ ಬಲ್ಲದು. ಒಂದೇ ಮೀಟಿಗೆ ಕಲ್ಲು ಬುಡಸಮೇತ ಎದ್ದು ಮಗ್ಗುಲಾಗಿ ಬಿತ್ತು. ಅದರ ಅಡಿಯಲ್ಲಿದ್ದ ಒದ್ದೆ ಮಣ್ಣಿನಿಂದ ಎರೆಹುಳುಗಳು ಗಾಬರಿಯಾಗಿ ಹೊರಬಂದವು.

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಅಮ್ಮನ ಮುಖ ನೋಡಲಿಲ್ಲ.

ಗುಬ್ಬಿ ಚಪ್ಪಾಳೆ ತಟ್ಟಿದಳು.

ಕಾರ್ಖಾನೆಯ ಸಣ್ಣ ಕಾರು ಆ ಅಂಗಳದಲ್ಲಿ ನಿಲ್ಲಬೇಕಾದರೆ ಕಲ್ಲು ಏಳಲೇಬೇಕಿತ್ತು. ಆ ಕಾರಿನ ಉದ್ದಗಲ ಗುಬ್ಬಿಗೆ ತನ್ನ ಅಂಗಿಯ ಅಳತೆಗಿಂತ ಚೆನ್ನಾಗಿ ಗೊತ್ತು. ಅಪ್ಪ ದುಡಿಯುವ ಕಾರ್ಖಾನೆಯಲ್ಲೇ ಅವಳೂ ಇದ್ದಾಳೆ. ಕಾರು ಜೋಡಿಸುವ ಲೈನಿನ ಕೊನೆಯಲ್ಲಿ ನಿಂತು, ಹತ್ತಿಯ ಕೈಗವಸು ಹಾಕಿಕೊಂಡು, ಬಣ್ಣ ಒಣಗಿ ಬಂದ ಪ್ರತಿ ಕಾರಿನ ಮೈಮೇಲೂ ಅಂಗೈ ಆಡಿಸುವುದು ಅವಳ ಕೆಲಸ. ಕಣ್ಣಿಗೆ ಬೀಳದ ತಗ್ಗು, ದೀಪಕ್ಕೂ ಸಿಗದ ಉಬ್ಬು ಅವಳ ಅಂಗೈಗೆ ಸಿಗುತ್ತದೆ. ಮನೆಯಲ್ಲೂ ಆ ಚಾಳಿ ಬಿಟ್ಟಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಅಂಚು ಸವರುತ್ತಾ, "ಇದು ಯಾವಾಗ ಬಿತ್ತು?" ಎಂದು ಕೇಳುತ್ತಿದ್ದಳು. "ತಟ್ಟೇನೂ ಪಾಸು ಫೇಲು ಮಾಡ್ತಾಳೆ ಇವಳು," ಎಂದು ಅತ್ತಿಗೆ ನಗುತ್ತಿದ್ದಳು.

ಅಪ್ಪನಿಗೂ ಮಗಳಿಗೂ ಒಂದೇ ಗೇಟು. ಆದರೆ ಅಪ್ಪ ಖಾಯಂ, ಮಗಳು ಗುತ್ತಿಗೆ. ಅಪ್ಪ ಹೋಗುವುದು ಕಂಪನಿ ಬಸ್ಸಿನಲ್ಲಿ. ಅದರಲ್ಲಿ ಅವನಿಗೊಂದು ಸೀಟಿದೆ, ಎಡಗಡೆ, ಕಿಟಕಿ ಪಕ್ಕ. ಹಳೆಯ ಚಾದರದಿಂದ ಅಮ್ಮ ಹೊಲಿದುಕೊಟ್ಟ ದಿಂಬು ಅದರ ಮೇಲೆ. ಬಸ್ಸಿನಲ್ಲಿ ಪ್ರತಿಯೊಬ್ಬರಿಗೂ ಹಾಗೊಂದು ಸೀಟು, ಹಾಗೊಂದು ದಿಂಬು. ನಿವೃತ್ತಿಯಾಗುವವರು ಕೊನೆಯ ದಿನ, ಕಾರ್ಖಾನೆಯಲ್ಲಿ ತಾವು ದುಡಿದ ಶಾಪಿಗೆ ಹೊಸದಾಗಿ ಸೇರಿದ ಹುಡುಗನೊಬ್ಬನನ್ನು ಕೈಹಿಡಿದು ಕರೆತಂದು ಆ ಸೀಟಿನಲ್ಲಿ ಕೂರಿಸುತ್ತಿದ್ದರು. ಬಸ್ಸಿಗೆ ಬಸ್ಸೇ ಚಪ್ಪಾಳೆ ಹೊಡೆಯುತ್ತಿತ್ತು. ಈಚೆಗೆ ಹೊಸದಾಗಿ ಬರುವವರೆಲ್ಲ ಗುತ್ತಿಗೆಯವರೇ. ಗುತ್ತಿಗೆಯವರು ಬಸ್ಸು ಹತ್ತುವ ಹಾಗಿಲ್ಲ. ಹೀಗಾಗಿ ಸೀಟುಗಳು ಒಂದೊಂದಾಗಿ ಖಾಲಿಯಾಗಿ, ದಿಂಬುಗಳು ಮಾತ್ರ ಕೂತಿದ್ದವು. ಬೆಳಿಗ್ಗೆ ಬೀದಿಯ ತಿರುವಿನಲ್ಲಿ ಗುಬ್ಬಿಯೂ ಅವಳ ಜೊತೆಯವರೂ ವ್ಯಾನಿಗೆ ಕಾಯುತ್ತಿದ್ದರೆ, ಅರ್ಧ ಖಾಲಿ ಬಸ್ಸು ಮುಂದೆ ಹಾದುಹೋಗುತ್ತಿತ್ತು. ಹಿಂದಿನ ಸ್ಟಾಪಿನಲ್ಲೇ ಹತ್ತಿದ್ದ ಅಪ್ಪ ಕಿಟಕಿಯಿಂದ ಕೈ ಎತ್ತುತ್ತಿದ್ದ.

"ನಿಮ್ಮಪ್ಪ ರಾಜನ ಥರ ಹೋಗ್ತಾರೆ ನೋಡು," ಎನ್ನುತ್ತಿದ್ದಳು ಲೈನಿನಲ್ಲಿ ಗುಬ್ಬಿಯ ಪಕ್ಕ ನಿಲ್ಲುವ, ಎತ್ತರ ನೋಡಿ ಎಲ್ಲರೂ ಉದ್ದಕ್ಕ ಎಂದೇ ಕರೆಯುವ ಹೆಂಗಸು. ಆಮೇಲೆ ವ್ಯಾನು ಬಂದಾಗ ಅವಳು ತನ್ನ ಉದ್ದವನ್ನೆಲ್ಲ ಮಡಿಚಿಕೊಂಡು ಯಾರದೋ ಮೊಣಕಾಲಿನ ಮೇಲೆ ಕೂರುತ್ತಿದ್ದಳು.

ಊರಾಚೆಯ ಗಾಜಿನ ಕಾರ್ಖಾನೆಯಿಂದ ಕರೆ ಬಂದದ್ದು ಹೀಗಿರುವಾಗ. ಕಾರಿಗೆ ಗಾಜು ಒದಗಿಸುವವರು ಅವರು. ಅಲ್ಲಿನ ತಪಾಸಣೆಯ ಮೇಡಂ ಒಮ್ಮೆ ಲೈನಿಗೆ ಬಂದಾಗ ಗುಬ್ಬಿಯ ಅಂಗೈಯನ್ನೇ ನೋಡುತ್ತ ನಿಂತಿದ್ದರು. "ನಮ್ಮಲ್ಲಿಗೆ ಬರ್ತೀಯಾ? ಖಾಯಂ ಕೆಲಸ. ಮೂರು ಶೆಡ್ಡು ಇದೆ, ಒಂದಕ್ಕೊಂದು ದೂರ, ಬಸ್ಸು ಗಿಸ್ಸು ಏನೂ ಇಲ್ಲ. ಸ್ಯಾಂಪಲ್ ಗಾಜು ಹೊತ್ಕೊಂಡು ಓಡಾಡ್ಬೇಕು. ಸ್ವಂತ ಕಾರಿದೆಯಾ?"

"ಬರ್ತಾ ಇದೆ," ಎಂದಿದ್ದಳು ಗುಬ್ಬಿ.

"ಬರೋ ತಿಂಗಳು ಒಂದನೇ ತಾರೀಕಿಗೆ ಬಾ ಹಾಗಾದ್ರೆ. ಅಲ್ಲಿವರೆಗೆ ಕಾಯ್ತೀನಿ."

ಬ್ಯಾಂಕಿಗೆ ಹೋದಳು. ಸಾಲದ ಮೇಜಿನ ಯುವಕ ಅವಳ ವಯಸ್ಸಿನವನೇ. ಗೋಡೆಯ ಮೇಲೆ ಅವಳು ದಿನವೂ ಸವರುವ ಅದೇ ಸಣ್ಣ ಕಾರಿನ ದೊಡ್ಡ ಚಿತ್ರ. "ನಿಮ್ಮ ಕಂಪನಿ ಕಾರಿಗೆ ನಾವು ಸಾಲ ಕೊಡ್ತೀವಿ ಮೇಡಂ. ನಿಮ್ಮ ಕಂಪನಿ ಕೆಲಸಕ್ಕೆ ಕೊಡಲ್ಲ," ಎಂದ ಅವನು. "ಹನ್ನೊಂದು ತಿಂಗಳ ಗುತ್ತಿಗೆ ನೋಡಿ. ಖಾಯಂ ಆದ್ಮೇಲೆ ಬನ್ನಿ."

"ಖಾಯಂ ಆಗೋಕೇ ಕಾರು ಬೇಕಾಗಿರೋದು."

ಯುವಕ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಾನೂ ಸೈಕಲ್ಲಲ್ಲೇ ಬರೋದು," ಎಂದ.

ಉಳಿದಿದ್ದು ಅಪ್ಪನ ಕೋಟಾ. ಖಾಯಂ ಕೆಲಸಗಾರ ತನ್ನ ಸರ್ವೀಸಿನಲ್ಲಿ ಒಂದು ಸಲ, ಒಂದು ಕಾರನ್ನು, ಕಾರ್ಖಾನೆಯ ಅಸಲು ಬೆಲೆಗೆ ತೆಗೆದುಕೊಳ್ಳಬಹುದು. ಕಂತು ಸಂಬಳದಲ್ಲೋ ನಿವೃತ್ತಿಯ ಹಣದಲ್ಲೋ ಹಿಡಿಯುತ್ತಾರೆ. ಗುಬ್ಬಿ ಶಾಲೆಗೆ ಹೋಗುವಾಗಿಂದ ಅಪ್ಪ ಹೇಳುತ್ತ ಬಂದ ಮಾತು: "ನಂದೊಂದು ಕಾರು ಕಂಪನೀಲಿ ಹಾಗೇ ಇದೆ. ಅದು ನಿನಗೇ." ಬೇರೆಯವರ ಅಪ್ಪಂದಿರು ಕಥೆ ಹೇಳಿದರೆ ಇವಳ ಅಪ್ಪ ಆ ಕಾರಿನ ಬಣ್ಣ ಹೇಳಿ ಮಲಗಿಸುತ್ತಿದ್ದ. ಕೋಟಾ ಬೆಲೆಗಾದರೆ ಮೊದಲ ಹಣ ಅವಳ ಉಳಿತಾಯದಲ್ಲೇ ಆಗುತ್ತಿತ್ತು. ಉಳಿದದ್ದು ಹೊಸ ಸಂಬಳದಲ್ಲಿ ತೀರಿಸಬಹುದಿತ್ತು.

ಈಗ ಅವನ ನಿವೃತ್ತಿ ಹತ್ತಿರ ಬಂದಿತ್ತು. ಗುಬ್ಬಿ ಕೇಳಿದಾಗ ಮೊದಲ ದಿನ, "ನೋಡೋಣ," ಎಂದ. ಮಾರನೆಯ ವಾರ, "ಕೇಳ್ತೀನಿ," ಎಂದ. ಆಮೇಲೆ ಒಂದು ಸಂಜೆ ಮೊಟ್ಟೆ ಸುಲಿಯುತ್ತ, ತಲೆ ಎತ್ತದೆ, "ಅರ್ಜಿ ಮೇಲೆ ಹೋಗಿದೆ," ಎಂದ. ಆ ಭಾನುವಾರವೇ ಗುಬ್ಬಿ ಹಾರೆ ತಂದಿದ್ದು.

ಕಲ್ಲು ಎದ್ದ ಮೇಲೆ ಅಮ್ಮ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯತೊಡಗಿದಳು. ಎದ್ದು ಬರುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಗುಬ್ಬಿ ಅಂಗಳದ ಗುಂಡಿಗೆ ಮಣ್ಣು ತುಂಬಿ, ಇಟ್ಟಿಗೆ ಚೂರು ಹಾಕಿ, ಕಾಲಲ್ಲಿ ತುಳಿದು ಸಮ ಮಾಡಿದಳು. ಮೊಣಕಾಲೂರಿ ಅಂಗೈ ಆಡಿಸಿ ನೋಡಿ, "ಪಾಸು," ಎಂದಳು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ, "ಯಾವ ಬಣ್ಣ?" ಎಂದು ಕೇಳಿದಳು.

"ಬಿಳಿ," ಎಂದಳು ಗುಬ್ಬಿ.

"ಬಿಳಿ ಬೇಗ ಕೊಳೆ ಆಗುತ್ತೆ."

"ತೊಳೀತೀನಿ ಬಿಡಿ."

ಅಪ್ಪ ಒಳಗಿಂದ ಕೇಳಿಸಿಕೊಂಡ. ಆ ದಿನ ಊಟಕ್ಕೆ ಹಸಿವಿಲ್ಲ ಎಂದ.

ಲೈನಿನಲ್ಲಿ ಆ ವಾರ ಇನ್ನೊಂದು ಸುದ್ದಿ. ಸಣ್ಣ ಕಾರು ನಿಲ್ಲಿಸುತ್ತಾರಂತೆ. ಸಣ್ಣದರಲ್ಲಿ ಕಂಪನಿಗೆ ಏನೂ ಗಿಟ್ಟುವುದಿಲ್ಲವಂತೆ. ಇನ್ನು ಬರೀ ದೊಡ್ಡದು, ಒಳಗೆ ಟೀವಿಯಷ್ಟು ಅಗಲದ ಪರದೆ. ಅದರ ಬೆಲೆ ಕೇಳಿ ಉದ್ದಕ್ಕ, "ಅದ್ರಲ್ಲೇ ಸಂಸಾರ ಮಾಡ್ಬೇಕು, ಮನೆ ಬಾಡಿಗೆ ಉಳಿಯುತ್ತೆ," ಎಂದಳು. ಎಲ್ಲರೂ ನಕ್ಕರು. ಗುಬ್ಬಿ ನಗಲಿಲ್ಲ. ಊಟದ ಬಿಡುವಿನಲ್ಲಿ ಡಬ್ಬಿ ತೆರೆಯದೆ ನೇರ ಆಡಳಿತ ಕಚೇರಿಯ ಕಿಟಕಿಗೆ ಹೋದಳು.

ಕಿಟಕಿಯ ಗುಮಾಸ್ತರು ಹಳಬರು. ಕನ್ನಡಕ ಹಣೆಗೇರಿಸಿಕೊಂಡು ಅವಳನ್ನು ನೋಡಿದರು. "ಬಾಗಿಲು ಶಾಪಿನವರ ಮಗಳಲ್ವಾ? ಏನಮ್ಮ?"

"ಅಪ್ಪನ ಕೋಟಾ ಅರ್ಜಿ ಎಲ್ಲಿಗೆ ಬಂತು ಅಂತ ಕೇಳೋಣ ಅಂತ ಬಂದೆ ಸಾರ್. ಸಣ್ಣ ಕಾರು ನಿಲ್ಲೋದ್ರೊಳಗೆ ಸಿಗ್ಬೇಕಿತ್ತು."

"ಯಾವ ಕೋಟಾ?"

"ಕೆಲಸಗಾರರ ಕಾರು."

ಗುಮಾಸ್ತರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಅದು ಹೋಗಿ ಎಷ್ಟು ವರ್ಷ ಆಯ್ತಮ್ಮ! ಯೂನಿಯನ್ ಜೊತೆ ದೊಡ್ಡ ಒಪ್ಪಂದ ಆಯ್ತಲ್ಲ, ಆವಾಗ್ಲೇ ಬಿಟ್ಟುಕೊಟ್ರು. ಕಾರಿನ ಹಕ್ಕಿನ ಬದಲು ತಲೆಗಿಷ್ಟು ಅಂತ ದುಡ್ಡು ತಗೊಂಡ್ರು. ಹಳಬರ ಸಂಬಳ ಮುಟ್ಟೋ ಹಾಗಿಲ್ಲ, ಮುಂದೆ ಬರೋರೆಲ್ಲ ಗುತ್ತಿಗೆ. ಕ್ಯಾಂಟೀನಲ್ಲೇ ಸಭೆ. ಎಲ್ಲರೂ ಕೈ ಎತ್ತಿದ್ರು."

"ಅಪ್ಪನೂ?"

"ಎತ್ತದೇ ಇದ್ದವರು ಒಬ್ಬರೋ ಇಬ್ಬರೋ. ನಿಮ್ಮಪ್ಪ ಅವರಲ್ಲಿ ಇರಲಿಲ್ಲ." ಅವರು ಕನ್ನಡಕ ಇಳಿಸಿದರು. "ಮನೇಲಿ ಹೇಳಿಲ್ವಾ?"

ಅವಳು ಲೈನಿಗೆ ವಾಪಸು ಬಂದಳು. ಮಧ್ಯಾಹ್ನವೆಲ್ಲ ಕಾರುಗಳು ಬಂದವು, ಅಂಗೈ ಆಡಿಸಿದಳು. ಒಂದರ ಬಾಗಿಲಲ್ಲಿ ತಗ್ಗು ಸಿಕ್ಕಿತು. ಅಪ್ಪನ ಶಾಪಿನಿಂದ ಬಂದ ಬಾಗಿಲು. ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದು ಪಕ್ಕಕ್ಕೆ ತಳ್ಳಿಸಿದಳು.

ಮನೆಗೆ ಬಂದವಳು ಚಪ್ಪಲಿ ಬಿಡದೆ ಮಹಡಿ ಹತ್ತಿದಳು. ಮೇಲಿನ ಕೋಣೆಯಲ್ಲಿ ಅಣ್ಣ ಅತ್ತಿಗೆಯ ಸಂಸಾರ. ಅತ್ತಿಗೆ ಬಟ್ಟೆ ಮಡಿಚುತ್ತಿದ್ದಳು. ಗುಬ್ಬಿ ಗೋಡೆಗೆ ಅಂಗೈ ಇಟ್ಟು ಸವರುತ್ತ ಈ ಮೂಲೆಯಿಂದ ಆ ಮೂಲೆಗೆ ಹೋದಳು.

"ಏನೇ, ಗೋಡೇನೂ ಫೇಲ್ ಮಾಡೋಕೆ ಬಂದ್ಯಾ?"

"ಇದನ್ನ ಯಾವ ದುಡ್ಡಲ್ಲಿ ಕಟ್ಟಿಸಿದ್ರು ಅತ್ತಿಗೆ?"

"ಮಾವನಿಗೆ ಕಂಪನಿಯಿಂದ ಬಂತಲ್ಲ, ಅದರಲ್ಲಿ. ಕಾರಿನ ಬದಲು ಬಂದಿದ್ದು ಅಂತ ನಿಮ್ಮಣ್ಣ ನಮ್ಮ ಮದುವೆ ಮಾತುಕತೆಯಲ್ಲೇ ಹೇಳಿದ್ರಪ್ಪ." ಅತ್ತಿಗೆಯ ಕೈ ಅಲ್ಲೇ ನಿಂತಿತು. "ನಿಂಗೆ ಗೊತ್ತಿಲ್ವಾ?"

ಊಟಕ್ಕೆ ಎಲ್ಲರೂ ಕೂತಿದ್ದರು. ಅನ್ನ, ಬೇಯಿಸಿದ ಆಲೂಗಡ್ಡೆ. ಗುಬ್ಬಿ ತಟ್ಟೆ ಮುಟ್ಟಲಿಲ್ಲ.

"ಅಪ್ಪ, ಅರ್ಜಿ ಎಲ್ಲಿಗೆ ಬಂತು?"

"ಮೇಲೆ ಹೋಗಿದೆ ಅಂದ್ನಲ್ಲ."

"ಎಷ್ಟು ಮೇಲೆ? ಮಹಡಿವರೆಗಾ?"

ಅಪ್ಪನ ಕೈ ಅನ್ನದಲ್ಲೇ ಉಳಿಯಿತು. ಅಣ್ಣ ಹೆಂಡತಿಯ ಮುಖ ನೋಡಿದ. ಅತ್ತಿಗೆ, "ನಾನೇನು ಮಾಡ್ಲಿ, ಕೇಳಿದ್ಲು, ಹೇಳ್ದೆ," ಎಂದಳು.

"ಎಲ್ಲರಿಗೂ ಗೊತ್ತಿತ್ತು," ಎಂದಳು ಗುಬ್ಬಿ. "ಮದುವೆ ಆಗಿ ಬಂದವಳಿಗೂ ಗೊತ್ತಿತ್ತು. ಅಂಗಳ ಅಳೆಯೋವಾಗ ಟೇಪಿನ ಆ ತುದಿ ನೀನೇ ಹಿಡ್ಕೊಂಡಿದ್ಯಲ್ಲ ಅಣ್ಣ?"

"ಅಪ್ಪ ಹೇಗೋ ಮಾಡ್ತಾರೆ ಅಂದ್ಕೊಂಡೆ ಕಣೇ. ನಾನೇನು ರೂಮು ಕಟ್ಟಿಸಿ ಅಂತ ಕೇಳಿದ್ನಾ?"

"ಹಾಗಾದ್ರೆ ಈಗ ನಾವು ಖಾಲಿ ಮಾಡ್ಬೇಕಾ?" ಎಂದಳು ಅತ್ತಿಗೆ.

"ಸುಮ್ನಿರಿ ಎಲ್ಲರೂ," ಎಂದ ಅಪ್ಪ. ದನಿ ದೊಡ್ಡದಾಗಿರಲಿಲ್ಲ. "ಆವತ್ತು ಕೈ ಎತ್ತದಿದ್ರೆ ಗೇಟು ಮುಚ್ತೀವಿ ಅಂದಿದ್ರು ಕಂಪನಿಯವರು. ನೀನು ಆಗ ಶಾಲೆ. ಫೀಸು, ಮನೆ ಸಾಲ, ಎಲ್ಲ ನನ್ನ ತಲೆ ಮೇಲೆ. ಮುಂದಿನ ಒಪ್ಪಂದದಲ್ಲಿ ಎಲ್ಲ ವಾಪಸ್ ತರ್ತೀವಿ ಅಂತ ಯೂನಿಯನ್ ಕಮಿಟಿಯವರು ಹೇಳಿದ್ರು. ನಾನೂ ನಂಬಿದೆ."

"ಮುಂದೆ ಬರೋರೆಲ್ಲ ಗುತ್ತಿಗೆ ಅಂದಾಗ, ಮುಂದೆ ಬರೋರು ಯಾರು ಅಂದ್ಕೊಂಡೆ?"

"ನೀನು ಲೈನಿಗೆ ಬರ್ತೀಯ ಅಂತ ಕನಸು ಬಿದ್ದಿತ್ತಾ ನಂಗೆ?"

"ಯಾರೋ ಒಬ್ಬರ ಮಗಳು ಬರ್ತಿದ್ಲಲ್ಲಪ್ಪ."

ಅಪ್ಪ ತಟ್ಟೆಯಿಂದ ಕೈ ತೆಗೆದ.

"ಹೋಗ್ಲಿ, ಕೈ ಎತ್ತಿದ್ದು ಬಿಡು. ಎತ್ತಬೇಕಾಗಿತ್ತು, ಎತ್ತಿದೆ." ಗುಬ್ಬಿ ಅಂಗಳದ ಕಡೆ ಕೈ ತೋರಿಸಿದಳು. "ಆ ಕಲ್ಲು ಯಾಕೆ ಕಿತ್ತೆ?"

ನಲ್ಲಿಯಿಂದ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಎದ್ದು ಅದನ್ನು ಬಿಗಿದು ಬಂದಳು. "ಹೇಳೋದಕ್ಕಿಂತ ಕೀಳೋದು ಸುಲಭ ಅನ್ನಿಸ್ತು ಇವರಿಗೆ," ಎಂದಳು.

"ನಿಂಗೆ?"

"ನಾನು ಬಚ್ಚಲಲ್ಲಿ ಒಗೀತಿದ್ದೀನಲ್ಲ," ಎಂದಳು ಅಮ್ಮ, ಅದೇ ತನ್ನ ಪಾಲಿನ ಉತ್ತರ ಎನ್ನುವ ಹಾಗೆ.

ಗುಬ್ಬಿ ತಟ್ಟೆ ತಳ್ಳಿ ಎದ್ದಳು. ಆ ದಿನದಿಂದ ಅವರ ಜೊತೆ ಊಟಕ್ಕೆ ಕೂರಲಿಲ್ಲ. ಎಲ್ಲರದೂ ಮುಗಿದ ಮೇಲೆ ಅಡುಗೆಮನೆಗೆ ಹೋಗಿ ನಿಂತೇ ತಿನ್ನುತ್ತಿದ್ದಳು. ತನ್ನ ತಟ್ಟೆ ತಾನೇ ತೊಳೆದಿಡುತ್ತಿದ್ದಳು. ಅಮ್ಮ ಡಬ್ಬಿ ತುಂಬಿಟ್ಟರೆ ಮುಟ್ಟದೆ ಹೋಗುತ್ತಿದ್ದಳು. ಅಣ್ಣ ಒಂದು ಭಾನುವಾರ ಒಗೆಯುವ ಕಲ್ಲನ್ನು ಮತ್ತೆ ಕೂರಿಸಲು ನೋಡಿದ. ಗುಬ್ಬಿ ತುಂಬಿದ್ದ ಇಟ್ಟಿಗೆ ಚೂರೆಲ್ಲ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಅಷ್ಟು ಚೆನ್ನಾಗಿ ತುಳಿದಿದ್ದಳು ಅವಳು. ಕಲ್ಲು ಒಂದು ಕಡೆ ಎತ್ತರವಾಗಿ ಲಟಪಟ ಅಲ್ಲಾಡಿತು. ಅಮ್ಮ ಒಂದು ಸೀರೆ ಬಡಿದು ನೋಡಿ, ಬಕೆಟ್ಟು ಎತ್ತಿಕೊಂಡು ಬಚ್ಚಲಿಗೇ ಹೋದಳು.

ಉದ್ದಕ್ಕ ಹಳೆಯ ಕಾರು ನೋಡು ಎಂದಳು. ಗುಬ್ಬಿ ನೋಡಿದಳು. ಸಣ್ಣದು ನಿಲ್ಲುತ್ತದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಹಳೆಯ ಸಣ್ಣ ಕಾರಿನ ಬೆಲೆ ಕೂಡ ಹೊಸದರ ಹತ್ತಿರಕ್ಕೆ ಜಿಗಿದಿತ್ತು. ಮಾರುವವನೊಬ್ಬ ತೋರಿಸಿದ ಕಾರಿನ ಮೇಲೆ ಅಂಗೈ ಆಡಿಸಿ, "ಇದು ಒಂದು ಸಲ ಪಲ್ಟಿ ಆಗಿದೆ," ಎಂದಳು. ಅವನು ಹಲ್ಲು ಕಿರಿದ.

ಗಾಜಿನ ಕಾರ್ಖಾನೆಯ ಮೇಡಂಗೆ ಕೊನೆಗೆ ತಾನೇ ಫೋನು ಮಾಡಿದಳು.

"ಕಾರು ಬರಲಿಲ್ಲ ಮೇಡಂ."

"ಬರ್ತಾ ಇದೆ ಅಂದ್ಯಲ್ಲ?"

"ಬರ್ತಾ ಇದೆ ಅಂತ ನಂಗೂ ಹೇಳಿದ್ರು."

"ಛೇ. ನಿನ್ನಂಥ ಕೈ ಇನ್ನೊಂದು ಸಿಗಲ್ಲ. ಆದ್ರೆ ನಾನೇನು ಮಾಡ್ಲಿ, ಹೊತ್ಕೊಂಡು ನಡಿ ಅನ್ನೋಕಾಗುತ್ತಾ?"

ಕೊನೆಯ ಸಣ್ಣ ಕಾರು ಲೈನಿಗೆ ಬಂದದ್ದು ಒಂದು ಶನಿವಾರ. ಬಿಳಿ. ಗುಬ್ಬಿ ನೆತ್ತಿ, ಬಾಗಿಲು, ಬಾನೆಟ್ಟು ಎಲ್ಲ ಸವರಿದಳು. ಒಂದು ತಗ್ಗಾದರೂ ಸಿಗಲಿ ಎಂದುಕೊಂಡೇ ಸವರಿದಳು. ಸಿಗಲಿಲ್ಲ. ಪಾಸು ಮಾಡಿ ಕಳಿಸಿದಳು.

ಅಪ್ಪನೂ ಈ ನಡುವೆ ಮನೆಗೆ ತಡವಾಗಿ ಬರುತ್ತಿದ್ದ. ಕಮಿಟಿಯವರ ಹತ್ತಿರ ಹೋಗುತ್ತಾನೆ, ಆಫೀಸಿಗೆ ಹೋಗುತ್ತಾನೆ ಎಂದು ಅತ್ತಿಗೆ ಸುದ್ದಿ ತಂದಳು. ಅಮ್ಮ ಹೊಲಿಗೆ ಪೆಟ್ಟಿಗೆ ತೆಗೆದು ಏನೋ ಹೊಲಿಯುತ್ತಿದ್ದವಳು ಗುಬ್ಬಿ ಬಂದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಮಾತ್ರ ಅವಳ ಬೆನ್ನಿಗೆ ಹೇಳಿದಳು: "ನಿಮ್ಮಪ್ಪ ನಿನಗೋಸ್ಕರ ಓಡಾಡ್ತಿದ್ದಾರೆ ಕಣೇ. ಸ್ವಲ್ಪ ಮುಖ ಕೊಟ್ಟು ಮಾತಾಡು."

ಅಪ್ಪನ ಕೊನೆಯ ದಿನದ ಬೆಳಿಗ್ಗೆ ಗುಬ್ಬಿ ಎಂದಿನಂತೆ ತಿರುವಿನಲ್ಲಿ ವ್ಯಾನಿಗೆ ನಿಂತಿದ್ದಳು. ಪಕ್ಕದಲ್ಲಿ ಉದ್ದಕ್ಕ, ಹಿಂದೆ ಇನ್ನೂ ಏಳೆಂಟು ಮಂದಿ. ಬಸ್ಸು ಬಂತು. ಎಂದಿನಂತೆ ಹಾದುಹೋಗಲಿಲ್ಲ. ಅವರ ಮುಂದೆಯೇ ನಿಂತಿತು. ಬಾಗಿಲು ತೆರೆದುಕೊಂಡಿತು. ಅಪ್ಪ ಮೆಟ್ಟಿಲ ಮೇಲೆ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ.

"ಬಾ ಮಗಳೇ."

ಗುಬ್ಬಿ ಅಲ್ಲಾಡಲಿಲ್ಲ.

"ಇನ್ಮೇಲೆ ನೀನು ವ್ಯಾನಿಗೆ ಕಾಯೋ ಹಾಗಿಲ್ಲ. ನನ್ನ ಸೀಟು ನಿಂಗೆ ಕೊಡಿಸಿದ್ದೀನಿ. ಆಫೀಸು ಒಪ್ಪಿದೆ. ಗುತ್ತಿಗೆಯವರಲ್ಲಿ ಬಸ್ಸು ಹತ್ತೋಳು ನೀನೇ ಮೊದಲು."

ಕಿಟಕಿಗಳಿಂದ ತಲೆಗಳು ಹೊರಬಂದವು. ಕಮಿಟಿಯ ಹಿರಿಯರು ಅಪ್ಪನ ಹಿಂದಿನಿಂದ ಇಣುಕಿ ಕೂಗಿದರು: "ಹತ್ತಮ್ಮ! ಈ ಸೀಟಿಗೆ ನಿಮ್ಮಪ್ಪ ಆಫೀಸಿನ ಹೊಸಿಲು ಸವೆಸಿಬಿಟ್ಟ. ಚಪ್ಪಾಳೆ ಹೊಡೆಯೋಕೆ ಕೈ ತುರಿಸ್ತಿದೆ ನಮಗೆ!"

ಒಳಗೆ ನಗು. ಅರ್ಧ ಸೀಟುಗಳು ಖಾಲಿ. ಉದ್ದಕ್ಕ ಗುಬ್ಬಿಯ ಬೆನ್ನಿಗೆ ಮೆಲ್ಲಗೆ ಬೆರಳಿಂದ ತಿವಿದು, "ಹೋಗೇ, ಹೋಗು," ಎಂದಳು. ಅದನ್ನು ಹೇಳಿ ಅವಳು ಬೇರೆ ಕಡೆ ನೋಡಿದಳು.

ಅಪ್ಪ ಒಂದು ಮೆಟ್ಟಿಲು ಕೆಳಗಿಳಿದ. ಕಂಕುಳಲ್ಲಿದ್ದ ದಿಂಬನ್ನು ತೆಗೆದು ಅವಳ ಕೈಗಿತ್ತ. ಹೊಸ ಕವಚ, ಬಿಳಿ ಬಟ್ಟೆ. ಅಂಚಿನಲ್ಲಿ ಅಮ್ಮನ ಸಣ್ಣ ಹೊಲಿಗೆ. ಗುಬ್ಬಿಯ ಅಂಗೈ ತಾನಾಗಿ ಅದರ ಮೇಲೆ ಆಡಿತು. ಒಂದು ಕಡೆ ಮೆತ್ತಗೆ, ನಡುವೆ ತಗ್ಗು. ಅಷ್ಟು ವರ್ಷ ಅಪ್ಪ ಕೂತ ಜಾಗ.

"ಕಿಟಕಿ ಪಕ್ಕ," ಎಂದ ಅಪ್ಪ ಮೆಲ್ಲಗೆ. "ಗಾಳಿ ಚೆನ್ನಾಗಿ ಬರುತ್ತೆ. ಬಾ ಪುಟ್ಟ. ಎಲ್ಲರೂ ನೋಡ್ತಿದ್ದಾರೆ."

ಡ್ರೈವರು ಹಾರನ್ ಒತ್ತಿದ. ಹಿಂದೆ ತಿರುವಿನಲ್ಲಿ ವ್ಯಾನು ಕಾಣಿಸಿಕೊಂಡಿತು, ಆಗಲೇ ತುಂಬಿ ಬಾಗಿಲು ಅರ್ಧ ತೆರೆದುಕೊಂಡೇ ಬರುತ್ತಿತ್ತು.

ಗುಬ್ಬಿ ದಿಂಬನ್ನು ಅಪ್ಪನ ಎದೆಗೆ ಒತ್ತಿ ಕೊಟ್ಟಳು. ಅವನು ಹಿಡಿದುಕೊಳ್ಳುವವರೆಗೂ ಕೈ ಬಿಡಲಿಲ್ಲ.

"ನಂಗೆ ಬೇಡ," ಎಂದಳು.